ಗಾಡಿಯ ಘಾಟು

ನಮ್ಮ ಅಪಾರ್ಟ್‌ಮೆಂಟಿನ ಗೇಟಿನೆದುರು ವರ್ಷಗಟ್ಟಲೆ ನಿಂತಿದ್ದ ಚೈನೀಸ್ ಗಾಡಿಯನ್ನು ಎತ್ತಿಸಿದ ಪುಣ್ಯದಲ್ಲಿ ನನಗೂ ಪಾಲುಂಟು. ಅರ್ಜಿಯ ಒಕ್ಕಣೆಯೇ ನನ್ನದು: ‘ಸಂಜೆಯಾದರೆ ಮೆಣಸಿನಕಾಯಿ ಘಾಟು ಒಳನುಗ್ಗಿ ವೃದ್ಧರೂ ಮಕ್ಕಳೂ ಕೆಮ್ಮುವಂತಾಗಿದೆ. ನಾಗರಿಕರು ವಾಸಿಸುವ ಜಾಗದಲ್ಲಿ ಈ ಉಪಟಳ ಸಲ್ಲದು.’ ‘ನಾಗರಿಕರು’ ಎಂಬ ಪದಕ್ಕೆ ಸಂಘದ ಅಧ್ಯಕ್ಷರು ಬೆನ್ನು ತಟ್ಟಿದರು. ಸಹಿ ಸಂಗ್ರಹ ಮುಗಿಯುವಾಗ ರಾತ್ರಿ ಎಂಟಾಗಿತ್ತು. ಎಲ್ಲರೂ ಹಸಿದಿದ್ದೆವು. ಕೆಳಗಿಳಿದು ಅದೇ ಗಾಡಿಯಿಂದ ನಾಲ್ಕು ಫುಲ್ ಸೆಜ್ವಾನ್ ನೂಡಲ್ಸ್ ಪಾರ್ಸೆಲ್ ತಂದೆವು.

ಗಾಡಿ ಹೋದ ಮೂರನೇ ಶನಿವಾರ ನಾಲಿಗೆ ದಂಗೆ ಎದ್ದಿತು. “ಅದೇನು ಬ್ರಹ್ಮವಿದ್ಯೆಯೇ? ಮನೆಯಲ್ಲೇ ಮಾಡೋಣ, ಶುಚಿಯಾಗಿ” ಎಂದೆ. ಈ ‘ಮಾಡೋಣ’ದ ಬಹುವಚನದಲ್ಲಿ ಯಾರ್‍ಯಾರು ಸೇರುತ್ತಾರೆಂದು ಇಪ್ಪತ್ತು ವರ್ಷದಿಂದ ಬಲ್ಲ ನನ್ನಾಕೆ, “ನೀವೇ ಮಾಡ್ರೀ. ಪಾತ್ರೆನೂ ನೀವೇ ತೊಳೀರಿ” ಎಂದು ಅಡುಗೆಮನೆ ಬಿಟ್ಟುಕೊಟ್ಟಳು.

ಎಪ್ಪತ್ತು ರೂಪಾಯಿಯ ಪ್ಲೇಟಿಗೆ ಎರಡು ಸಾವಿರದ ಬಾಣಲೆ ಬಂತು. ಸೋಯಾ ಸಾಸ್ ತಿಳಿಯಾದದ್ದೊಂದು, ಗಟ್ಟಿಯಾದದ್ದೊಂದು. ಟೇಸ್ಟಿಂಗ್ ಪೌಡರ್ ಮಾತ್ರ ಸುತರಾಂ ಬೇಡ, ಅದು ವಿಷ ಎಂದು ಮನೆಮಂದಿಯೆಲ್ಲ ಒಮ್ಮತಕ್ಕೆ ಬಂದೆವು. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಕಡಲಕಳೆಯ ಸಾರಿನಲ್ಲಿ ಕಂಡುಕೊಂಡ, ಆ ಪೌಡರಿನ ಜೀವಾಳವಾದ ಗ್ಲುಟಮೇಟ್ ಮಾಗಿದ ಟೊಮೆಟೊದಲ್ಲೂ ತಾನಾಗಿಯೇ ಇರುತ್ತದೆ. ಹಾಗಾಗಿ ವಿಷವನ್ನು ಕೈಬಿಟ್ಟು ಅರ್ಧ ಬಾಟಲಿ ಕೆಚಪ್ ಸುರಿದೆವು. ಕೃತಕ ಬಣ್ಣವಂತೂ ಮಹಾಪಾಪ. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿ ಮಂಚೂರಿಯ 171 ಮಾದರಿ ತಪಾಸಣೆ ಮಾಡಿಸಿ, 107ರಲ್ಲಿ ಬಣ್ಣ ಸಿಕ್ಕಿತೆಂದು ಅದಕ್ಕೆ ನಿಷೇಧ ಹಾಕಿದಾಗ ಆ ಸುದ್ದಿಯನ್ನು ಎಲ್ಲ ಗ್ರೂಪಿಗೂ ಕಳಿಸಿದವನು ನಾನೇ. ಮರುವಾರ ಗಾಡಿಯ ಮುಂದೆ ನಿಂತು “ಏನಪ್ಪಾ, ಮೊದಲಿನ ಹಾಗೆ ಕೆಂಪಗೇ ಇಲ್ವಲ್ಲ” ಎಂದು ದಬಾಯಿಸಿದವನೂ ನಾನೇ. ಈಗ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿದೆ. ಖಾರ ಕಮ್ಮಿ, ಕೆಂಪು ಜಾಸ್ತಿ.

ಸೆಜ್ವಾನ್ ಎಂದರೆ ಚೀನಾದ ಸಿಚುವಾನ್ ಪ್ರಾಂತ್ಯವಂತೆ. ಅಲ್ಲಿಯವರ ಅಡುಗೆಯ ಜೀವ, ನಾಲಿಗೆ ಜುಮ್ಮೆನಿಸುವ ಒಂದು ಪುಟ್ಟ ಕಾಯಿ. ಅದು ನಮ್ಮ ಯಾವ ಸೆಜ್ವಾನ್ ಬಾಟಲಿಯಲ್ಲೂ ನನಗೆ ಸಿಕ್ಕಿಲ್ಲ. ಅದರ ದಾಯಾದಿ ಜುಮ್ಮನಕಾಯಿ, ಕೊಂಕಣಿಗರ ತೆಪ್ಪಳ, ನಮ್ಮ ಕರಾವಳಿಯಲ್ಲಿ ಬಂಗುಡೆ ಸಾರಿಗೆ ಬೀಳುತ್ತಾ ಹಾಯಾಗಿದೆ. ಮಂಚೂರಿಯ ಜಾತಕವೂ ಇಷ್ಟೇ: ಕೋಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಕೋಳಿಗೆ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಸೋಯಾ ಬೆರೆಸಿ ಇಟ್ಟ ಹೆಸರದು.

ನಾಲ್ಕು ಜನರ ನೂಡಲ್ಸ್, ಒಂದು ಬುಟ್ಟಿ ಎಲೆಕೋಸು, ಕ್ಯಾರೆಟ್ಟು, ಎಲ್ಲವನ್ನೂ ಒಟ್ಟಿಗೇ ಸುರಿದೆ. ಬಾಣಲೆ ಒಮ್ಮೆ ಚುಂಯ್ ಅಂದು ಸುಮ್ಮನಾಯಿತು. ತರಕಾರಿ ನೀರು ಬಿಟ್ಟಿತು. ನೀರಿರುವ ತನಕ ಶಾಖ 100 ಡಿಗ್ರಿ ದಾಟುವುದಿಲ್ಲ, ಹುರಿದ ಪರಿಮಳಕ್ಕೆ 140 ಆದರೂ ಬೇಕು ಎಂಬ ವಿಜ್ಞಾನ ನನಗೆ ಹೊಳೆಯುವಷ್ಟರಲ್ಲಿ ಅದು ಮುದ್ದೆಯಾಗಿತ್ತು. ಮಗಳು ಮುಳ್ಳುಚಮಚ ಚುಚ್ಚಿ ಎತ್ತಿದಾಗ ತಟ್ಟೆಯಷ್ಟೂ ಒಟ್ಟಿಗೆ ಮೇಲೆದ್ದಿತು.

ಮಾನ ಬಿಟ್ಟು ಗಾಡಿಯವನನ್ನು ಹುಡುಕಿಕೊಂಡು ಹೋದೆ. ಪಕ್ಕದ ಬಡಾವಣೆಯ ಮೋರಿ ಪಕ್ಕ ನಿಂತಿದ್ದ. ಅರ್ಜಿ ಬರೆದವನು ನಾನೆಂದು ಅವನಿಗೆ ಗೊತ್ತಿಲ್ಲ, ಗೊತ್ತಿದ್ದರೂ ತೋರಗೊಡಲಿಲ್ಲ. ಒಲೆ ಭರ್ರೆನ್ನುತ್ತಿತ್ತು. “ಒಂದೊಂದೇ ಪ್ಲೇಟ್ ಹಾಕ್ಬೇಕು ಸಾರ್. ನೂಡಲ್ಸು ಮೊದ್ಲೇ ಬೇಯ್ಸಿ ಎಣ್ಣೆ ಸವರಿ ಆರಕ್ಕೆ ಬಿಡಿ. ಎಣ್ಣೆ ಹೊಗೆ ಬರೋವರ್ಗೂ ಕಾಯ್ಬೇಕು. ಘಾಟು ಏಳ್ಲಿಲ್ಲ ಅಂದ್ರೆ ರುಚಿ ಎಲ್ಲಿಂದ ಬರುತ್ತೆ?” ಎಂದ. ಕ್ಯಾಂಟನ್ನಿನವರು ಇದನ್ನೇ ‘ವಾಕ್ ಹೇ’, ಬಾಣಲೆಯ ಉಸಿರು ಎನ್ನುತ್ತಾರೆ. ನಾನು ಅರ್ಜಿಯಲ್ಲಿ ‘ಉಪಟಳ’ ಎಂದಿದ್ದೆ.

ಭಾನುವಾರ ಸಂಜೆ ಅವನು ಹೇಳಿದಂತೆಯೇ ಮಾಡಿದೆ. ಎಣ್ಣೆ ಹೊಗೆಯಾಡಿತು. ಬೆಳ್ಳುಳ್ಳಿ, ಒಣಮೆಣಸು ಬಿದ್ದವು. ಘಾಟು ಎದ್ದಿತು! ನನ್ನಾಕೆ ಸೆರಗು ಮೂಗಿಗೆ ಹಿಡಿದು ಬಾಲ್ಕನಿಗೆ ಓಡಿದಳು. ಒಂದು ತುತ್ತು ಬಾಯಿಗಿಟ್ಟೆ. ಥೇಟ್ ಗಾಡಿ!

ಎರಡನೇ ತುತ್ತಿಗೆ ಮೊಬೈಲ್ ಟಿಣ್ ಎಂದಿತು. ಘಾಟು ಬಚ್ಚಲುಮನೆಯ ಡಕ್ಟ್ ಹಿಡಿದು ಐದನೇ ಮಹಡಿಗೆ ಏರಿತ್ತು. ಅಧ್ಯಕ್ಷರು ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ನನ್ನದೇ ಒಕ್ಕಣೆಯನ್ನು ಅಕ್ಷರವೂ ಬಿಡದೆ ಹಾಕಿ, ‘ಯಾರ ಮನೆಯದೆಂದು ಪತ್ತೆಹಚ್ಚಿ ಕ್ರಮ ಜರುಗಿಸಲು ಸಮ್ಮತಿ ಸೂಚಿಸಿ’ ಎಂದು ಕೇಳಿದ್ದರು. ಆಗಲೇ ಹದಿನೇಳು ಮನೆಯವರು ಹೆಬ್ಬೆರಳು ಎತ್ತಿದ್ದರು. ಕೈ ಒರೆಸಿಕೊಂಡು ನಾನೂ ಹೆಬ್ಬೆಟ್ಟು ಒತ್ತಿದೆ.