ಯೀಸ್ಟಿನ ಗೃಹಪ್ರವೇಶ

ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ವಾಸಮಾಡತಕ್ಕವನಿಗೆ ಕಾಯಿಲೆ ಬೀಳುವ ಸ್ವಾತಂತ್ರ್ಯ ಉಂಟೇ ಹೊರತು ಆ ಕಾಯಿಲೆಯನ್ನು ತನ್ನೊಬ್ಬನ ಸ್ವತ್ತಾಗಿ ಇಟ್ಟುಕೊಳ್ಳುವ ಸ್ವಾತಂತ್ರ್ಯವಿಲ್ಲ. ಈ ಮಗ್ಗುಲಿಗೆ ಅಳಲೆಕಾಯಿ, ಹಿಪ್ಪಲಿ, ಜ್ಯೇಷ್ಠಮಧುಗಳ ಮಿಶ್ರಗಂಧವನ್ನು ಬೀದಿಗೆಲ್ಲ ಹಂಚುವ ಬಳೇಪೇಟೆಯ ಗ್ರಂಧಿಗೆ ಅಂಗಡಿಗಳು, ಆ ಮಗ್ಗುಲಿಗೆ 1900ರಿಂದ ರೋಗಿಗಳ ದಾರಿ ಕಾಯುತ್ತಿರುವ ವಿಕ್ಟೋರಿಯಾ ಆಸ್ಪತ್ರೆ, ನಡುವೆ ಕಾಗದದ ವರ್ತಕರೂ ಲಗ್ನಪತ್ರಿಕೆ ಅಚ್ಚುಮಾಡುವವರೂ ಅವರ ಗುಮಾಸ್ತರೂ. ಇವರಲ್ಲಿ ಒಬ್ಬೊಬ್ಬರೂ ಅರ್ಧ ವೈದ್ಯರು, ಮತ್ತು ಇಬ್ಬರು ಅರ್ಧವೈದ್ಯರು ಕೂಡಿದರೆ ಒಬ್ಬ ಪೂರ್ಣವೈದ್ಯನಾಗುವುದಿಲ್ಲವೆಂಬ ಗಣಿತ ರೋಗಿಗೆ ಮಾತ್ರ ತಿಳಿದದ್ದು. ಇಂಥ ಬೀದಿಯೊಳಕ್ಕೆ ಬೀರ್ ಕಾರ್ಖಾನೆಯ ಯೀಸ್ಟು ಔಷಧದ ವೇಷ ಧರಿಸಿ, ಅದೂ ನಮ್ಮ ಸೋದರತ್ತೆಯಂಥ ಮಡಿವಂತೆಯ ಅಡುಗೆಮನೆಯವರೆಗೆ, ನಡೆದು ಬಂದದ್ದು ಸಾಮಾನ್ಯ ಸಂಗತಿಯಲ್ಲ.

ಅತ್ತೆಗೆ ತುಟಿಯ ಅಂಚುಗಳು ಒಡೆದು, ನಾಲಗೆ ಕೆಂಪೇರಿ, ತಾವೇ ಮಾಡಿದ ಸಾರಿನ ಖಾರವನ್ನು ತಾವೇ ತಾಳಲಾರದ ದುರವಸ್ಥೆ ಪ್ರಾಪ್ತವಾಗಿತ್ತು. ಡಾಕ್ಟರು ನಾಲಗೆಯನ್ನು ನೋಡಿ, ಮಿಲ್ಲಿನಲ್ಲಿ ಪಾಲಿಶ್ ಮಾಡಿದ ಅಕ್ಕಿಯ ತೌಡಿನೊಂದಿಗೆ ಬಿ ಗುಂಪಿನ ಜೀವಸತ್ವಗಳೂ ಬಹುಮಟ್ಟಿಗೆ ಎಮ್ಮೆಗಳ ಪಾಲಾಗುತ್ತವೆಂದೂ, ಆದಕಾರಣ ದಿನವೂ ಊಟದೊಡನೆ ಕೆಲವು ಮಾತ್ರೆ ನುಂಗಬೇಕೆಂದೂ ಹೇಳಿ ಒಂದು ಸೀಸೆಯನ್ನು ಬರೆದುಕೊಟ್ಟರು. “ಇದು ಎಲೆಯದೋ ಬೇರಿನದೋ ಡಾಕ್ಟರೇ?” ಎಂದು ಅತ್ತೆ ಕೇಳಲಾಗಿ, “ಹುಳಿಹಿಟ್ಟಿನ ಜಾತಿಯದು ಅಮ್ಮಾ” ಎಂದು ಆ ಪುಣ್ಯಾತ್ಮರು ಸತ್ಯಕ್ಕೂ ಲೋಕಾನುಭವಕ್ಕೂ ಸಮವಾಗಿ ಗೌರವ ತೋರಿದರು.

ಆದರೆ ಅಠಾರಾ ಕಛೇರಿಯಲ್ಲಿ ಆಯುಷ್ಯವೆಲ್ಲ ಸರ್ಕಾರಿ ಕಾಗದಗಳಲ್ಲಿ ದೋಷ ಹುಡುಕಿ ನಿವೃತ್ತರಾದ ನಮ್ಮ ದೊಡ್ಡಪ್ಪನವರು ಸೀಸೆಯ ಚೀಟಿಯನ್ನು ಭೂತಗನ್ನಡಿ ಹಿಡಿದು ಓದದೆ ಬಿಟ್ಟಾರೆಯೆ? ‘ಬ್ರೂಯರ್ಸ್ ಯೀಸ್ಟ್’ ಎಂಬೆರಡು ಮಾತು ಕಣ್ಣಿಗೆ ಬಿದ್ದದ್ದೇ ತಡ, ಸೀಸೆಯನ್ನು ಜಗುಲಿಯಂಚಿಗೆ ಸರಿಸಿ, 1915ರಲ್ಲಿ ಥಾಮಸ್ ಲೀಷ್ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದೇಶದ ಐದು ಬೀರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದನ್ನೂ, ದಂಡಿನ ಸೋಜರರಿಗೆ ಪೀಪಾಯಿಗಟ್ಟಲೆ ಬೀರು ಹೋಗುತ್ತಿದ್ದುದನ್ನೂ ಸವಿಸ್ತಾರವಾಗಿ ವರ್ಣಿಸಿ, “ಆ ಪೀಪಾಯಿಯ ಗಸಿ ಕಣಮ್ಮ ಇದು!” ಎಂದು ತೀರ್ಪಿತ್ತರು.

ತೀರ್ಪಿನಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ಯವೆಯ ಮೊಳಕೆಯ ಕಷಾಯದಲ್ಲಿ ಸಕ್ಕರೆಯನ್ನು ಮದ್ಯವಾಗಿ ಮಾರ್ಪಡಿಸುವ ಸ್ಯಾಕರೊಮೈಸಿಸ್ ಸೆರೆವಿಸಿಯೇ ಎಂಬ ಏಕಕೋಶ ಜೀವಿಯು, ಕೆಲಸ ಮುಗಿಸುವಷ್ಟರಲ್ಲಿ ತನ್ನ ಸಂತತಿಯನ್ನು ಹಲವು ಪಟ್ಟು ಬೆಳೆಸಿಕೊಂಡು ತೊಟ್ಟಿಯ ತಳ ಸೇರುತ್ತದೆ. ಅದನ್ನು ತೆಗೆದು, ಹಾಪ್ಸ್ ಹೂವಿನ ಕಹಿಯನ್ನು ಬೇಕಾದಷ್ಟು ತೊಳೆದು, ಶಾಖದಿಂದ ಕೊಂದು ಒಣಗಿಸಿದರೆ ಸಿಕ್ಕುವ ಕಂದುಪುಡಿಯಲ್ಲಿ ಅಮಲು ಲೇಶವಾದರೂ ಇರುವುದಿಲ್ಲ, ಪ್ರೋಟೀನು, ಥಯಾಮಿನ್, ರೈಬೋಫ್ಲೇವಿನ್, ನಯಾಸಿನ್‌ಗಳು ಧಾರಾಳವಾಗಿ ಇರುತ್ತವೆ. ಕೊಲ್ಲುವುದು ಅವಶ್ಯ, ಜೀವಂತ ಯೀಸ್ಟು ಹೊಟ್ಟೆಗೆ ಹೋದರೆ ಜೀವಸತ್ವವನ್ನು ನಮಗೆ ಕೊಡುವ ಬದಲು ತಾನೇ ಕಬಳಿಸುವುದುಂಟು. ಅಗ್ಗವೆಂದು ಬೇಕರಿಯ ಹಸಿ ಯೀಸ್ಟನ್ನೇ ಮಜ್ಜಿಗೆಯಲ್ಲಿ ಕದಡಿ ಕುಡಿದ ಪಕ್ಕದ ಅಚ್ಚುಕೂಟದ ಗುಮಾಸ್ತನು ಇಡೀ ಮಧ್ಯಾಹ್ನ ಪಂಚೆಯ ಗಂಟನ್ನು ಸಡಿಲಿಸುತ್ತಲೇ ಕುಳಿತಿದ್ದನು.

ಈ ಗಸಿಯ ಉಪಕಾರ ಅಲ್ಪವಲ್ಲ. ಮೆಕ್ಕೆಜೋಳವನ್ನೇ ನಂಬಿದ ಅಮೆರಿಕದ ದಕ್ಷಿಣಪ್ರಾಂತದ ಬಡವರನ್ನು ಕಾಡುತ್ತಿದ್ದ ಪೆಲಾಗ್ರ ರೋಗಕ್ಕೆ ಜೋಸೆಫ್ ಗೋಲ್ಡ್‌ಬರ್ಗರ್ ಇದನ್ನೇ ಪರಿಹಾರವೆಂದು ಸಾರಿದನು. 1927ರ ಮಿಸಿಸಿಪಿ ಮಹಾಪೂರದಲ್ಲಿ ನಿರಾಶ್ರಿತರಿಗೆ ಹಂಚಿದ್ದೂ ಇದೇ. ಮರುವರ್ಷ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ರಕ್ತಹೀನತೆಯಿಂದ ಬಿಳಿಚಿದ ಗರ್ಭಿಣಿಯರಿಗೆ, ಯೀಸ್ಟಿನ ಸಾರವಾದ ಮಾರ್ಮೈಟನ್ನು ಕೊಟ್ಟು ರಕ್ತ ಮರಳಿಸಿದ್ದನ್ನು 1931ರಲ್ಲಿ ಪ್ರಕಟಿಸಿದರು. ಅದರೊಳಗಿನ ಗುಣವು ಫೋಲಿಕ್ ಆಮ್ಲದ್ದೆಂದು ತಿಳಿದದ್ದು ಆ ಮೇಲೆ. ಹೀಗಿದ್ದೂ ಇದನ್ನು ಸರ್ವರೋಗಸಂಜೀವಿನಿಯೆಂದು ಹೊಗಳುವವರನ್ನು ನಾನು ನಂಬಲಾರೆ. ಶಾಕಾಹಾರಿಗಳಿಗೆ ಬೇಕಾದ ಬಿ12 ಇದರಲ್ಲಿ ಸಹಜವಾಗಿ ಇಲ್ಲವೇ ಇಲ್ಲ. ಅದಕ್ಕೆ ನಮ್ಮ ಹಾಲುಮೊಸರುಗಳೇ ಗತಿ.

ಅತ್ತೆಗೆ ಗೋಲ್ಡ್‌ಬರ್ಗರನ ಸಾಕ್ಷ್ಯ ಬೇಕಾಗಿರಲಿಲ್ಲ. “ಅಣ್ಣಯ್ಯ, ಜೇನು ಹುಳುವಿನ ಎಂಜಲು, ಗೋರೋಚನ ಹಸುವಿನ ಪಿತ್ತ, ಕಸ್ತೂರಿ ಎಲ್ಲಿಂದ ಬರುತ್ತೆ ಅಂತ ನಾನು ಬಾಯಿಬಿಟ್ಟು ಹೇಳೋಲ್ಲ. ನೀನು ರಾತ್ರಿ ಹೊತ್ತು ಎರಡು ಚಮಚ ದ್ರಾಕ್ಷಾರಿಷ್ಟ ತಗೋತೀಯಲ್ಲ, ಅದು ಹುಳಿ ಬರದೇನೇ ಅರಿಷ್ಟವಾಯಿತೆ?” ಎಂದರು. ದೊಡ್ಡಪ್ಪನವರು ಕೆಮ್ಮಿದರು. ಬೆಲ್ಲದ ದ್ರಾಕ್ಷಿನೀರಿಗೆ ಧಾತಕಿ ಹೂವನ್ನು ಹಾಕಿ ವಾರಗಟ್ಟಲೆ ಮುಚ್ಚಿಟ್ಟಾಗ ಆ ಭಾಂಡದಲ್ಲಿ ನಡೆಯುವುದೂ ಯೀಸ್ಟಿನ ಕೆಲಸವೇ, ಅಲ್ಲಿ ಹುಟ್ಟುವುದೂ ಮದ್ಯಸಾರವೇ ಎಂಬುದು ಅವರಿಗೆ ತಿಳಿಯದ ವಿಷಯವಾಗಿರಲಿಲ್ಲ.

ಈ ಸಂದರ್ಭದಲ್ಲಿ ನಾನು ಸುಮ್ಮನಿರಬಹುದಾಗಿತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸುರಾಧ್ಯಕ್ಷನ ಪ್ರಕರಣವೊಂದು ಇದೆಯೆಂದೂ, ಅಲ್ಲಿ ಹೆಂಡಕ್ಕೆ ಹುದುಗು ಕಟ್ಟುವ ವಿಧಾನ ಹೇಳುವಾಗ ಉದ್ದನ್ನೂ, ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ಅಕ್ಕಿಯನ್ನೂ, ಮೋರಟೆ ಮೊದಲಾದ ಮೂಲಿಕೆಗಳೊಡನೆ ಬೆರೆಸಬೇಕೆಂದಿದೆಯೆಂದೂ ಬಾಯಿಹಾಕಿದೆ. ಒರಳಿನ ಮುಂದೆ ಕುಳಿತು ನಾಳೆಯ ಇಡ್ಲಿಗೆ ಉದ್ದನ್ನು ತಿರುವುತ್ತಿದ್ದ ಅತ್ತೆಯ ಕೈ ನಿಂತಿತು. “ಮೂಲಿಕೆ ಹಾಕಿಲ್ಲ ತಾನೆ, ಪಕ್ಕಕ್ಕೆ ಸರಿ” ಎಂದು ಮತ್ತೆ ತಿರುವತೊಡಗಿದರು.

ಮಾತ್ರೆಗಳು ಒಂದರಿಂದ ಆರಂಭವಾಗಿ, ಹೊಟ್ಟೆಯುಬ್ಬರವಿಲ್ಲದಂತೆ ಕ್ರಮವಾಗಿ ಏರಿದವು. ತುಟಿಯೂ ಮಾಗಿತು, ಸಾರಿನ ಖಾರವೂ ಪೂರ್ವಸ್ಥಿತಿಗೆ ಬಂದಿತು. ಇದನ್ನು ಕಂಡ ದೊಡ್ಡಪ್ಪನವರು ಧರ್ಮಸೂಕ್ಷ್ಮವನ್ನು ಪುನರ್ವಿಮರ್ಶೆಗೆ ಒಳಪಡಿಸಿ, ತಮ್ಮ ವಾರ್ಧಕ್ಯದ ನಿಶ್ಶಕ್ತಿಗೂ ಇದು ಆದೀತೇ ಎಂದು ಡಾಕ್ಟರನ್ನು ವಿಚಾರಿಸಲು, ಅವರು ದೊಡ್ಡಪ್ಪನವರ ಕಾಲಿನ ಹೆಬ್ಬೆರಳನ್ನು ನೋಡಿ ತಲೆಯಲ್ಲಾಡಿಸಿದರು. ಯೀಸ್ಟಿನಲ್ಲಿ ಪ್ಯೂರಿನ್ ವಿಶೇಷ, ಅದು ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ, ವಾತರಕ್ತದಿಂದ ಕಾಲು ಊದುವವರಿಗೆ ಕೂಡದು. ತಾವಾಗಿ ತ್ಯಜಿಸಿದ್ದನ್ನು ಮತ್ತೊಬ್ಬರು ನಿಷೇಧಿಸಿದಾಗ ಮನುಷ್ಯನಿಗಾಗುವ ಅವಮಾನ ಅಪಾರ. “ಕೌಟಿಲ್ಯನಿಗಿಲ್ಲದ ಆಕ್ಷೇಪಣೆ ಈತನಿಗೇತಕ್ಕೆ?” ಎಂದು ಅವರು ಎರಡು ದಿನ ಜಗುಲಿಯಲ್ಲಿ ಗೊಣಗಿದರು, ಮೂರನೆಯ ದಿನ ಸೀಸೆಯೊಳಗಿನ ಮಾತ್ರೆಗಳ ಲೆಕ್ಕ ತಪ್ಪಲಾಗಿ, ಅತ್ತೆ ಅದನ್ನು ಕೊಂಡೊಯ್ದು, ಮಡಿಯುಟ್ಟವರಲ್ಲದೆ ಬೇರೆಯವರು ಮುಟ್ಟಕೂಡದ ಉಪ್ಪಿನಕಾಯಿ ಜಾಡಿಗಳ ಸಾಲಿನಲ್ಲಿಟ್ಟುಬಿಟ್ಟರು.