ಕಾಲೆತ್ತಿದರೆ ಕೆಟ್ಟೆ

ಕೊಳ್ಳಲು ಕಾಸಿಲ್ಲದವನಷ್ಟು ನಿಷ್ಪಕ್ಷಪಾತಿ ವಿಮರ್ಶಕ ಕಾರುಲೋಕದಲ್ಲಿ ಇನ್ನೊಬ್ಬ ಸಿಗಲಾರ. ಆ ಒಂದೇ ಅರ್ಹತೆಯ ಬಲದಿಂದ ಪ್ಯೂಜೊ 205 ಜಿಟಿಐ ಹೆಚ್ಚೋ ರೆನೊ 5 ಜಿಟಿ ಟರ್ಬೊ ಹೆಚ್ಚೋ ಎಂದು ತೀರ್ಪು ಕೊಡಲು ಕೂತಿದ್ದೇನೆ. ಎರಡೂ 1980ರ ದಶಕದ ಫ್ರೆಂಚ್ ಪುಟಾಣಿಗಳು; ತೂಕ ಒಂದು ಟನ್ನಿಗೂ ಕಡಿಮೆ. ಇಂದಿನ ಕಾರು ಬೆಲ್ಟು ಹಾಕದಿದ್ದರೆ ಕಿರುಚುತ್ತದೆ, ಗೆರೆ ದಾಟಿದರೆ ಗದರುತ್ತದೆ. ಇವೆರಡೋ, ತಪ್ಪು ಮಾಡುವವರೆಗೂ ಸುಮ್ಮನಿದ್ದು ಆಮೇಲೆ ಬೆತ್ತ ತೆಗೆಯುವ ಹಳೇ ಮೇಷ್ಟರ ಜಾತಿ.

205 ಜಿಟಿಐ ಬಂದದ್ದು 1984ರಲ್ಲಿ. 1.6 ಲೀಟರಿನ ಎಂಜಿನ್, 105 ಅಶ್ವಶಕ್ತಿ. ಆಮೇಲೆ 130 ಅಶ್ವಶಕ್ತಿಯ 1.9 ಬಂತು, ಯಾವುದು ಮೇಲು ಎಂಬ ಜಗಳವೂ ಜೊತೆಗೇ ಬಂತು, ಇನ್ನೂ ಮುಗಿದಿಲ್ಲ. ಅದರ ನಿಜವಾದ ಕೀರ್ತಿ ತಿರುವಿನಲ್ಲಿದೆ. ವೇಗವಾಗಿ ತಿರುಗುವಾಗ ಆಕ್ಸಿಲರೇಟರಿನಿಂದ ಥಟ್ಟನೆ ಕಾಲೆತ್ತಿದರೆ ಭಾರವೆಲ್ಲ ಮುಂದಕ್ಕೆ ವಾಲಿ, ಹಗುರಾದ ಹಿಂಬದಿ ಜಾರಿ, ಹಿಂದಿನ ಚಕ್ರಗಳು ಮುಂದಿನವನ್ನು ಹಿಂದಿಕ್ಕಲು ನೋಡುತ್ತವೆ. ಗಾಬರಿಯಾದವನು ಮೊದಲು ಎತ್ತುವುದೇ ಆ ಕಾಲನ್ನು. ಗಾಬರಿಯಾದಾಗ ಎತ್ತಬಾರದ್ದೂ ಅದನ್ನೇ.

1985ರಲ್ಲಿ ಬಂದ ರೆನೊದ ಚಾಳಿ ಬೇರೆ. ಅದರ 1397 ಸಿಸಿ ಎಂಜಿನ್ನಿನ ವಂಶ 1962ರಷ್ಟು ಹಳೆಯದು. ಆ ಮುದುಕನಿಗೆ ಟರ್ಬೊ ಕಟ್ಟಿ 115 ಅಶ್ವಶಕ್ತಿ ಹಿಂಡಿದರು. ಕಾರ್ಬ್ಯುರೇಟರನ್ನು ಮಾತ್ರ ಬಿಡಲಿಲ್ಲ. ತುಳಿದರೆ ಮೊದಲು ಏನೂ ಆಗುವುದಿಲ್ಲ. ತುಳಿದದ್ದು ಸಾಲದೇನೋ ಎಂದು ಅನುಮಾನ ಬರುವಷ್ಟರಲ್ಲಿ ಎಲ್ಲವೂ ಒಟ್ಟಿಗೇ ಆಗುತ್ತದೆ. ಚೆನ್ನಾಗಿ ಓಡಿಸಿ ಬಂಕಿನಲ್ಲಿ ನಿಲ್ಲಿಸಿದರೋ, ಬಾನೆಟ್ಟಿನೊಳಗಿನ ಕಾವಿಗೆ ಕಾರ್ಬ್ಯುರೇಟರಿನ ಪೆಟ್ರೋಲ್ ಆವಿಯಾಗಿ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಅದನ್ನು ತಣಿಸಲೆಂದೇ ಕಂಪನಿಯವರು ಒಂದು ಫ್ಯಾನ್ ಇಟ್ಟು ಗಾಳಿ ಹಾಕಿಸಿದರು!

ಇಷ್ಟು ಸೆಕೆಗಳ್ಳ ಕಾರನ್ನು 1989ರಲ್ಲಿ ಅಲೆನ್ ಒರೇಯ್ ಎಂಬಾತ ಆಫ್ರಿಕಕ್ಕೆ ಒಯ್ದು ಐವರಿ ಕೋಸ್ಟ್ ರ‍್ಯಾಲಿಯನ್ನೇ ಗೆದ್ದುಬಿಟ್ಟ. ಅದೂ ಅಂಗಡಿಯಲ್ಲಿ ಸಿಗುವ ಕಾರಿಗೆ ತೀರಾ ಹತ್ತಿರದ ವರ್ಗದಲ್ಲಿ. ಪ್ಯೂಜೊದವರು ತಮ್ಮ 205 ಟರ್ಬೊ 16 ತಂದ 1985, 1986ರ ವಿಶ್ವ ಕಿರೀಟಗಳನ್ನು ಮುಂದೆ ಹಿಡಿಯುತ್ತಾರೆ, ಸರಿ. ಆದರೆ ಅದರ ಎಂಜಿನ್ ನಡುಮಧ್ಯೆ, ಶಕ್ತಿ ನಾಲ್ಕೂ ಚಕ್ರಕ್ಕೆ. ಜಿಟಿಐ ಕೊಂಡವನಿಗೆ ಸಿಕ್ಕಿದ್ದು ಮುಖಲಕ್ಷಣ ಮಾತ್ರ.

ಸಂಗ್ರಾಹಕರು ಇಷ್ಟಕ್ಕೆಲ್ಲ ಮರುಳಾಗುವುದಿಲ್ಲ. 205 ಸಿಕ್ಕರೆ ಮೊದಲು ಬಗ್ಗಿ ಹಿಂದಿನ ಆಕ್ಸಲ್ ನೋಡುತ್ತಾರೆ: ಬೇರಿಂಗ್ ಸವೆದಿದ್ದರೆ ಹಿಂಚಕ್ರಗಳು ನೆತ್ತಿ ಒಳಕ್ಕೆ ವಾಲಿಸಿ ನಿಂತಿರುತ್ತವೆ. ರೆನೊದಲ್ಲಿ ತುಕ್ಕು ಹುಡುಕುತ್ತಾರೆ. ಮುಟ್ಟದೆ ಉಳಿದ ಎಂಜಿನ್ನನ್ನು ಇನ್ನೂ ಹೆಚ್ಚು ಹುಡುಕುತ್ತಾರೆ. ಟರ್ಬೊ ಒತ್ತಡವನ್ನು ಕೊಂಚ ತಿರುಚಿದರೆ ಇನ್ನಷ್ಟು ಶಕ್ತಿ ಎಂದಾದರೆ ಯಾವ ಹುಡುಗ ಕೈ ಕಟ್ಟಿ ಕೂತಾನು? ಹಾಗೆ ಎಷ್ಟೋ ಎಂಜಿನ್ನುಗಳು ತಿರುಚಿಯೇ ಸತ್ತವು.

ಬುದ್ಧಿವಂತರು 205 ಕೊಳ್ಳಲಿ. ಬಿಲ್ಲು ನನ್ನದಲ್ಲವಾದ್ದರಿಂದ ನನ್ನ ಮತ ರೆನೊಗೆ.

ಅಂದಹಾಗೆ, 205ರ ಋಣ ನಮ್ಮ ದೇಶಕ್ಕೂ ಅಷ್ಟಿಷ್ಟು ಇತ್ತು. 1990ರ ದಶಕದ ನಡುವಿನಲ್ಲಿ ಪ್ರೀಮಿಯರ್ ಕಂಪನಿಯವರು ಮುಂಬೈ ಬಳಿಯ ಕಲ್ಯಾಣದಲ್ಲಿ ಪ್ಯೂಜೊ 309 ತಯಾರಿಸಿದರು. ಅದರ ಬಾಗಿಲುಗಳು ಐದು ಬಾಗಿಲಿನ 205ರವು. ಜಿಟಿಐಗೆ ಇದ್ದದ್ದು ಮೂರೇ ಬಾಗಿಲು. ಹಾಗಾಗಿ ಅವೂ ಜಿಟಿಐಯವಲ್ಲ.