ರಂಧ್ರವರ್ಧನ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಗ್ರಂಥದ ವಿಷಯ, ಯಮಾಹಾ ಆರ್‌ಎಕ್ಸ್ 100ರ ಎಂಜಿನ್ನನ್ನು 135ಕ್ಕೆ ಏರಿಸುವುದು. ಪ್ರಯೋಜನ, ಸಿಗ್ನಲ್ ಹಸಿರಾದ ಮೇಲಿನ ಮೊದಲ ಐವತ್ತು ಮೀಟರ್. ಸಂಬಂಧ, ಮೆಕ್ಯಾನಿಕ್‌ಗೂ ಗಿರಾಕಿಗೂ ನಡುವೆ ಎಂದೂ ಚುಕ್ತಾ ಆಗದ ಲೆಕ್ಕ. ಅಧಿಕಾರಿ, ಅಂದರೆ ಈ ವಿದ್ಯೆಗೆ ಅರ್ಹನು, 1996ರಲ್ಲೇ ತಯಾರಿಕೆ ನಿಂತ ಬೈಕನ್ನು ಅದರ ಹುಟ್ಟುಬೆಲೆಯ ಹಲವು ಪಟ್ಟು ಕೊಟ್ಟು ಕೊಂಡವನು.

ಪೂರ್ವಪಕ್ಷ ಹೀಗಿದೆ: ದೊಡ್ಡ ಎಂಜಿನ್ ಎಂದರೆ ಹೆಚ್ಚು ಕಬ್ಬಿಣ. ಇದು ಪಾಮರರ ಮತ. ಸಿಸಿ ಎಂಬುದು ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಬರುವಾಗ ಗುಡಿಸಿಕೊಂಡು ಹೋಗುವ ಖಾಲಿ ಜಾಗದ ಅಳತೆ. ಆದ್ದರಿಂದ ಗಿರಾಕಿ ಕಾಸು ಕೊಟ್ಟು ಕೊಳ್ಳುವುದು ಖಾಲಿಯನ್ನೇ. ಬೋರಿಂಗ್ ಮೆಷಿನ್ನಿನ ಅಡಿಯಲ್ಲಿ ಉದುರಿ ಬೀಳುವ ಕಪ್ಪು ಪುಡಿಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಶೂನ್ಯವಾದಕ್ಕೆ ಇಷ್ಟು ಅಚ್ಚುಕಟ್ಟಾದ ದೃಷ್ಟಾಂತ ಬೌದ್ಧ ಪಂಡಿತರಿಗೂ ಸಿಕ್ಕಿರಲಿಲ್ಲ.

ಈಗ ಗಣಿತ. ಆರ್‌ಎಕ್ಸ್ 100ರ ಬೋರ್, ಅಂದರೆ ಸಿಲಿಂಡರಿನ ಅಡ್ಡಳತೆ, 50 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ನಿನ ಓಟ, 50 ಮಿ.ಮೀ.; ಗಾತ್ರ 98 ಸಿಸಿ. 135ರ ಬೋರ್ 58, ಸ್ಟ್ರೋಕ್ ಅದೇ 50. ಗಾತ್ರ 132 ಸಿಸಿ. ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು ಸಿಸಿ ಹೆಸರಿನಲ್ಲೇ ಕೂಡಿಕೊಂಡಿರುವುದರಿಂದ, ಗಾತ್ರವರ್ಧನೆಯ ಆದಿ ಆಚಾರ್ಯರು ಬೈಕಿಗೆ ಹೆಸರಿಟ್ಟವರೇ ಎಂದು ವಾದಿಸಲು ಅವಕಾಶವಿದೆ. ಅಡ್ಡಳತೆ ಹೆಚ್ಚಿದ್ದು ಶೇ. 16, ಗಾತ್ರ ಹೆಚ್ಚಿದ್ದು ಶೇ. 35ರ ಹತ್ತಿರ; ವೃತ್ತದ ಕ್ಷೇತ್ರಫಲ ತ್ರಿಜ್ಯದ ವರ್ಗವನ್ನು ಅನುಸರಿಸುತ್ತದೆಂದು ಎಂಟನೆಯ ತರಗತಿಯಲ್ಲಿ ನಿದ್ದೆ ಹೊಡೆದವರೂ ಗ್ಯಾರೇಜಿನಲ್ಲಿ ಇದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಬುಲೆಟ್ ಶಾಖೆಯವರದೂ ಇದೇ ಸಿದ್ಧಾಂತ. ಹಳೆಯ 350ಕ್ಕೂ 500ಕ್ಕೂ ಸ್ಟ್ರೋಕ್ ಒಂದೇ, 90 ಮಿ.ಮೀ.; ಬೋರ್ ಮಾತ್ರ 70ರಿಂದ 84ಕ್ಕೆ ಏರಿದೆ.

135ರ ಬ್ಲಾಕು ಕೊಳ್ಳಲಾಗದ ಬಡ ಸಾಧಕನಿಗೆ ಆಶ್ರಮಧರ್ಮದ ದಾರಿಯಿದೆ. ಸವೆದ ಬ್ಲಾಕನ್ನು ಕಾಲು, ಅರ್ಧ, ಮುಕ್ಕಾಲು, ಒಂದು ಮಿಲಿಮೀಟರ್ ಎಂದು ನಾಲ್ಕು ಹಂತದಲ್ಲಿ ಓವರ್‌ಸೈಜ್ ಮಾಡಿಸಬಹುದು. ನಾಲ್ಕನ್ನೂ ದಾಟಿದ ಬ್ಲಾಕಿಗೆ ಹೊಸ ಸ್ಲೀವ್ ಹಾಕಿಸಿದರೆ ಪುನರ್ಜನ್ಮ. ಆದರೆ 51 ಮಿ.ಮೀ. ಬೋರ್‌ನ ಗಾತ್ರ 102 ಸಿಸಿ. ಇಷ್ಟು ತಪಸ್ಸಿನ ಫಲ ಬೈಕು ಕೊನೆಗೂ ತನ್ನ ಹೆಸರಿನ ನೂರನ್ನು ಮುಟ್ಟುವುದು.

ಧರ್ಮಶಾಸ್ತ್ರದ ತೊಡಕು ಬೇರೆಯೇ ಇದೆ. ಎಂಜಿನ್ ನಂಬರ್ ಕೊರೆದಿರುವುದು ಕ್ರ್ಯಾಂಕ್‌ಕೇಸಿನ ಮೇಲೆ, ಬದಲಾಗುವುದು ಬ್ಲಾಕು. ದೇಹ ಹೊಸದು, ಆತ್ಮ ಹಳೆಯದು, ಆರ್‌ಸಿ ಪುಸ್ತಕದಲ್ಲಿ ಇನ್ನೂ 98. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ಅದ್ವೈತಪರ: ಪುಸ್ತಕವೂ ಬೈಕೂ ಬೇರೆ ಬೇರೆಯಾಗಿರಕೂಡದು. 2019ರ ತಿದ್ದುಪಡಿಯ ಪ್ರಕಾರ ಭೇದವಾದಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಮಾರ್ಪಾಡಿಗೂ ₹5,000 ದಂಡ, ಇಲ್ಲವೇ ಎರಡೂ.

ಇನ್ನು ಪ್ರಮಾಣವಿಚಾರ. ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರರಲ್ಲಿ ಗ್ಯಾರೇಜು ನಂಬುವುದು ಕೊನೆಯದನ್ನು. ಮೆಕ್ಯಾನಿಕ್ ಕತ್ತು ವಾಲಿಸಿ, ಆಕ್ಸಿಲರೇಟರ್ ಎರಡು ಸಲ ತಿರುವಿ, ‘ಜೆಟ್ ಸಾಲ್ದು’ ಅನ್ನುತ್ತಾನೆ. ಅವನ ಮಾತು ತಳ್ಳಿಹಾಕುವಂಥದ್ದಲ್ಲ. ದೊಡ್ಡ ಬ್ಲಾಕು ಹೆಚ್ಚು ಗಾಳಿ ಎಳೆಯುತ್ತದೆ. ಪೆಟ್ರೋಲು ಹಳೆಯ ಜೆಟ್ಟಿನಲ್ಲೇ ತೊಟ್ಟಿಕ್ಕಿದರೆ ಮಿಶ್ರಣ ತೆಳುವಾಗುತ್ತದೆ, ಬಿಸಿ ಏರುತ್ತದೆ. ಟೂ ಸ್ಟ್ರೋಕಿನಲ್ಲಿ ಆಯಿಲ್ಲಿನ ಪಾಲೂ ಕಡಿಮೆಯಾದರೆ ಪಿಸ್ಟನ್ ಹಿಗ್ಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಇದನ್ನೇ ಸೀಜ್ ಎನ್ನುವುದು. ಸಮಾಧಿಸ್ಥಿತಿಯಂತೆ ಇದೂ ಎಲ್ಲ ಚಲನೆಯನ್ನು ಒಮ್ಮೆಗೇ ನಿಲ್ಲಿಸುತ್ತದೆ, ಹಿಂದಿನ ಚಕ್ರದ್ದೂ ಸೇರಿ.

ಬ್ರೇಕಿನ ಅಧ್ಯಾಯಕ್ಕೆ ಭಾಷ್ಯಕಾರರು ತೀರ ಕಡಿಮೆ. ವೇಗ ಗಂಟೆಗೆ 80ರಿಂದ 100 ಕಿ.ಮೀ.ಗೆ ಏರಿದರೆ ಕರಗಿಸಬೇಕಾದ ಚಲನಶಕ್ತಿ ಒಂದೂವರೆ ಪಟ್ಟು ದಾಟುತ್ತದೆ. ಅದನ್ನು ಹಿಡಿಯಬೇಕಾದದ್ದು 1985ರ ವಿನ್ಯಾಸದ ಎರಡು ಡ್ರಮ್ಮುಗಳು. ಬ್ಲಾಕು, ಪಿಸ್ಟನ್, ಜೆಟ್ಟು, ಸೈಲೆನ್ಸರ್ ಎಲ್ಲ ಮುಗಿದು ಬಿಲ್ಲು ಕೈಗೆ ಬರುವ ಹೊತ್ತಿಗೆ, ಬ್ರೇಕ್ ಶೂ ಮುಂದಿನ ತಿಂಗಳು ನೋಡಿದರಾಯಿತು ಎಂಬ ಒಂದೇ ಒಂದು ಸೂತ್ರದಲ್ಲಿ ಆರ್‌ಎಕ್ಸ್ ಶಾಖೆಗೂ ಬುಲೆಟ್ ಶಾಖೆಗೂ ಪೂರ್ಣ ಸಹಮತವಿರುತ್ತದೆ.